ಗುಲ್‌ನಿಸಾಳ ನೀಲಿ ಬೋಗುಣಿ

ಸ್ಕೀ ಮುಗಿಸಿ ಇಳಿದು ಬಂದವರಿಗೆ ನಮ್ಮ ಸಂಗ್‌ರೂದ್‌ನಲ್ಲಿ ತಿನ್ನುವ ಜಾಗಗಳಿಗೇನೂ ಬರವಿಲ್ಲ. ಗಾಜಿನ ಗೋಡೆಯ ಕಾಫಿ ಅಂಗಡಿ ಇದೆ. ಅಲ್ಲಿ ತೆಹ್ರಾನಿನ ಹುಡುಗರು ಒಂದು ಕಪ್ ಕಾಫಿ ಮುಂದಿಟ್ಟುಕೊಂಡು ಮೂವತ್ತು ಫೋಟೋ ತೆಗೆಯುತ್ತಾರೆ. ರಸ್ತೆ ಬದಿಯಲ್ಲಿ ಬೇಯಿಸಿದ ಬೀಟ್‌ರೂಟ್ ಮಾರುವ ಗಾಡಿ ಇದೆ. ಆದರೆ ಇಪ್ಪತ್ತಾರು ವರ್ಷ ಈ ಇಳಿಜಾರಿನಲ್ಲಿ ಸ್ಕೀ ಕಲಿಸಿ ಎರಡೂ ಮೊಣಕಾಲು ಸವೆಸಿಕೊಂಡ ನನ್ನನ್ನು ಕೇಳಿದರೆ ಉತ್ತರ ಒಂದೇ ಇತ್ತು: ಗುಲ್‌ನಿಸಾಳ ಅಂಗಡಿಗೆ ಹೋಗಿ, ಆಶ್ ಅನ್ನುವ ಗಟ್ಟಿ ಸೂಪು ಕುಡಿಯಿರಿ, ಬಾಯಿ ಮುಚ್ಚಿಕೊಂಡು ಕುಡಿಯಿರಿ.

ಗುಲ್‌ನಿಸಾ ಗುಡ್ಡ ಹತ್ತಿಸುವ ಲಿಫ್ಟಿನ ಬುಡದಲ್ಲೇ ಅಂಗಡಿ ಇಟ್ಟವಳು. ರಾತ್ರಿ ನೆನೆಹಾಕಿದ ಕಡಲೆ, ಹುರುಳಿ, ಬೇಳೆ ಬೆಳಗಿನ ಜಾವ ಒಲೆಗೆ ಏರುತ್ತವೆ. ಮಧ್ಯಾಹ್ನಕ್ಕೆ ಬುಟ್ಟಿಗಟ್ಟಲೆ ಸೊಪ್ಪು, ಆಮೇಲೆ ಶಾವಿಗೆ. ಮೇಲೆ ಮೊಸರು ಬತ್ತಿಸಿ ಮಾಡಿದ ಹುಳಿ ಕಶ್ಕ್, ಎಣ್ಣೆಯಲ್ಲಿ ಹುರಿದ ಪುದೀನ, ಕೆಂಪಗಾದ ಈರುಳ್ಳಿ. ಬೂಟು ಬಿಚ್ಚದೆ ಒಳಗೆ ಬಂದವರಿಗೆ ಸೌಟು ತೋರಿಸಿ ಬೈಗುಳ, ಬಿಚ್ಚಿ ಬಂದವರಿಗೆ ಬಿಸಿ ಚಹ. ಪಾತ್ರೆಯ ತಳದ ಕೊನೆಯ ಬೋಗುಣಿ ಮಾತ್ರ ಎಷ್ಟು ಬೇಡಿದರೂ ಯಾರಿಗೂ ಸಿಗದು. ಅದು ಅವಳ ಗಂಡ ಯದೊಲ್ಲಾನದು. ಅವನು ಇಳಿಜಾರಿನ ಕಾವಲುಗಾರ. ಸಂಜೆ ಲಿಫ್ಟ್ ನಿಂತ ಮೇಲೆ ಮೇಲಿಂದ ಕೆಳಗೆ ಗಸ್ತು ಹೊಡೆದು, ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಎಲ್ಲರಿಗಿಂತ ಕೊನೆಗೆ ಇಳಿಯುವವನು. ಅವನು ಬಂದು ಉಣ್ಣುವ ತನಕ ಒಲೆ ಆರುತ್ತಿರಲಿಲ್ಲ.

ಆ ಅಂಗಡಿಯ ಮೇಲಿನ ಗೂಡಿನಲ್ಲಿ ಒಂದು ನೀಲಿ ಬೋಗುಣಿ ಏಳು ಚಳಿಗಾಲದಿಂದ ಬೋರಲು ಬಿದ್ದಿತ್ತು. ಅದರ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಗುಲ್‌ನಿಸಾಳಿಗೆ ಷೌಕತ್ ಅಂತ ತಂಗಿ. ಗುಡ್ಡದ ಆಚೆ ಮಗ್ಗುಲಿನ ಗರ್ಮಾಬ್‌ಗೆ ಮದುವೆಯಾಗಿ ಹೋದವಳು ಅಲ್ಲೂ ಒಂದು ಆಶ್ ಅಂಗಡಿ ತೆರೆದಳು. ಪ್ರಾರಂಭಕ್ಕೆ ಅಕ್ಕನನ್ನು ಕರೆಯಲು ಖುದ್ದಾಗಿ ಬಂದಳು. ಒಂದು ಸಲ ಕರೆದಳು. ಅಕ್ಕ "ಅಯ್ಯೋ, ನಿಂಗ್ಯಾಕೆ ತೊಂದರೆ" ಅಂದಳು. ಎರಡನೇ ಸಲ ಕರೆದಳು. "ಇಲ್ಲಿ ಕೆಲಸ ಬಿದ್ದಿದೆ ಕಣೇ" ಅಂದಳು. ನಮ್ಮಲ್ಲಿ ಮಾನ ಇರುವವರು ಯಾರೂ ಎರಡನೇ ಕರೆಗೆ ಹೂಂ ಅನ್ನುವುದಿಲ್ಲ, ಮೂರನೇ ಸಲ ಕರೆದರೇ ಒಪ್ಪುವುದು. ಷೌಕತ್ ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹತ್ತು ಜನ ಗಿರಾಕಿಗಳು ಗಲಾಟೆ ಮಾಡುತ್ತ ನುಗ್ಗಿದರು. ಗುಲ್‌ನಿಸಾ ಸೌಟು ಹಿಡಿದು ತಿರುಗಿದಳು. ಮತ್ತೆ ಈಕಡೆ ನೋಡುವಾಗ ತಂಗಿ ಹೋಗಿಬಿಟ್ಟಿದ್ದಳು.

ಪ್ರಾರಂಭದ ದಿನ ಗುಲ್‌ನಿಸಾ ಹೊಸ ಸ್ಕಾರ್ಫ್ ಕಟ್ಟಿಕೊಂಡು ಫೋನಿನ ಪಕ್ಕ ಕೂತಿದ್ದಳು, ಮೂರನೇ ಕರೆ ಈಗ ಬಂದೀತೆಂದು. ಅಲ್ಲಿ ಷೌಕತ್ ಟೇಪು ಕತ್ತರಿಸದೆ ಮಧ್ಯಾಹ್ನದವರೆಗೆ ರಸ್ತೆ ನೋಡಿದಳು. ಸಂಜೆ ಮೊದಲ ಅಡುಗೆಯ ಆಶ್ ಈ ನೀಲಿ ಬೋಗುಣಿಯಲ್ಲಿ ಯದೊಲ್ಲಾನ ಕೈಯಲ್ಲಿ ಬಂತು. ಗುಲ್‌ನಿಸಾ ಅದನ್ನು ಕೋಳಿಗಳಿಗೆ ಸುರಿದಳು. ಆದರೆ ಬೋಗುಣಿ? ಬಂದ ಪಾತ್ರೆಯನ್ನು ಖಾಲಿ ಕಳಿಸುವ ಹಾಗಿಲ್ಲ, ತುಂಬಿ ಕಳಿಸಲು ಹಠ ಬಿಡುವುದಿಲ್ಲ. ಅಂದಿನಿಂದ ಅಕ್ಕತಂಗಿ ಮಾತು ಬಿಟ್ಟರು. ಯದೊಲ್ಲಾ ಆ ಅಂಗಡಿಗೆ ಕಾಲಿಡಬಾರದೆಂದು ಕಟ್ಟಪ್ಪಣೆಯಾಯಿತು. ನನಗೆ ಯಾರೂ ಅಪ್ಪಣೆ ಮಾಡಿರಲಿಲ್ಲ, ಆದರೂ ನಾನೂ ಹೋಗಲಿಲ್ಲ. ಉಂಡ ಮನೆಗೆ ದ್ರೋಹ ಬಗೆಯುವ ಜಾತಿ ನನ್ನದಲ್ಲ.

ಈ ಸಲದ ಚಳಿಗಾಲದ ಒಂದು ಗುರುವಾರ ಮೂರು ಗಂಟೆಗೆ ಮಂಜು ಇಳಿಯಿತು. ಚಾಚಿದ ಕೈ ಕಾಣದಂಥ ಮಂಜು. ಲಿಫ್ಟನ್ನು ಬೇಗ ನಿಲ್ಲಿಸಿದರು. ಜನ ಇಳಿದರು, ಉಂಡರು, ಕಾರು ಹತ್ತಿ ಹೋದರು. ನಾಲ್ಕೂವರೆಗೆ ಯದೊಲ್ಲಾನ ಜೊತೆಗಾರ ನೌಜರ್ ಒಬ್ಬನೇ ಬಾಗಿಲಲ್ಲಿ ನಿಂತ. ಮೀಸೆಯೆಲ್ಲ ಹಿಮ.

"ಅವರೆಲ್ಲಿ?" ಅಂದಳು ಗುಲ್‌ನಿಸಾ.

"ಇನ್ನೂ ಬಂದಿಲ್ವಾ ಅಕ್ಕ? ಮೇಲೆ ಯಾರೋ ಸೀಟಿ ಊದಿದ ಹಾಗೆ ಕೇಳ್ತು. ನೀನು ಕೆಳಗೆ ಗಸ್ತು ಮುಗಿಸು, ನಾನು ನೋಡಿ ಬರ್ತೀನಿ ಅಂದ್ರು. ಆಮೇಲೆ ವಾಕಿಟಾಕಿಲೂ ಉತ್ತರ ಇಲ್ಲ."

ಮಂಜು ಸರಿಯುವ ತನಕ ಯಾರನ್ನೂ ಮೇಲೆ ಕಳಿಸಲಾಗದು. ಇದು ಅವಳಿಗೂ ಗೊತ್ತು. ಅವಳು ಪಾತ್ರೆ ಕದಡತೊಡಗಿದಳು. ತಳ ಹಿಡಿಯುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ, ಒಂದೇ ಬೋಗುಣಿಯಷ್ಟು ಆಶ್. ಆದರೂ ಕದಡುತ್ತಲೇ ಇದ್ದಳು. ನಾನು ಚಹ ಮುಂದಿಟ್ಟೆ. ತಣ್ಣಗಾಯಿತು. ಮತ್ತೊಂದು ಇಟ್ಟೆ. ಅದೂ ತಣ್ಣಗಾಯಿತು.

"ಬೆಳಿಗ್ಗೆ ಜಗಳ ಆಡಿ ಕಳಿಸಿದೀನಿ ಮೇಷ್ಟ್ರೇ," ಅಂದಳು ಕೊನೆಗೆ.

"ನೀನು ದಿನಾ ಆಡ್ತೀಯ. ಅದೇನು ಹೊಸದಾ?"

"ಇವತ್ತಿಂದು ಬೇರೆ. ಯಾರೋ ಗಿರಾಕಿ ಷೌಕತ್ ಆಶ್ ಚೆನ್ನಾಗಿರತ್ತೆ ಅಂದ್ರಂತೆ. ಅದನ್ನ ನಗ್ತಾ ನಗ್ತಾ ಹೇಳಿದ್ರು. ನಂಗೆ ಎಲ್ಲಿತ್ತೋ ಕೋಪ. ಹಾಗಾದ್ರೆ ಅಲ್ಲೇ ಹೋಗಿ ತಿನ್ನಿ, ಇಲ್ಲಿಗೆ ಬರಬೇಡಿ ಅಂದ್ಬಿಟ್ಟೆ." ಸೌಟು ನಿಂತಿತು. "ಬರಬೇಡಿ ಅಂದೆ ಮೇಷ್ಟ್ರೇ. ಈ ಬಾಯಿಂದಲೇ ಅಂದೆ."

ನಿಜ ಹೇಳಬೇಕೆಂದರೆ ನನಗೂ ಭಯವಾಗಿತ್ತು. ಮೇಲಿನ ಕಮರಿ ನನಗೆ ಚೆನ್ನಾಗಿ ಗೊತ್ತು. ಕೆಟ್ಟ ಜಾಗ.

ಐದೂಕಾಲಿಗೆ ಫೋನು ಹೊಡೆದುಕೊಂಡಿತು. ಅದು ಅವರಪ್ಪನ ಕಾಲದ ಹಳೇ ಫೋನು, ನಂಬರೂ ಅದೇ. ಆಚೆಯವರು ಮಾತಾಡಿದ್ದು ಅಂಗಡಿಗೆಲ್ಲ ಕೇಳಿಸುತ್ತದೆ. ಗುಲ್‌ನಿಸಾ ಸೌಟು ಬಿಡಲಿಲ್ಲ. ನಾನೇ ಎತ್ತಿ ಅವಳ ಕಿವಿಗೆ ಹಿಡಿದೆ.

"ಅಕ್ಕಾ, ನಾನು. ಷೌಕತ್. ಎದೆ ಒಡ್ಕೋಬೇಡ. ಭಾವ ಇಲ್ಲೇ ಇದಾರೆ, ನಮ್ಮಂಗಡೀಲಿ. ಒಂದು ಹುಡುಗಿ ದಾರಿ ತಪ್ಪಿ ಗುಡ್ಡದ ಈಕಡೆ ಇಳಿದ್ಬಿಟ್ಟಿದ್ಲು, ಮಂಡಿ ಉಳುಕಿದೆ. ಅವಳನ್ನ ಎಳ್ಕೊಂಡು ಇಳಿದ್ರು. ಇಬ್ರೂ ಚೆನ್ನಾಗಿದಾರೆ."

ಗುಲ್‌ನಿಸಾ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಹೋದ ಜೀವ ಬಂದಂತಾಗಿ ನನ್ನ ಕಣ್ಣೂ ಒದ್ದೆಯಾಯಿತು, ಅದನ್ನೇಕೆ ಮುಚ್ಚಿಡಲಿ. ನೌಜರ್ ಗೋಡೆಗೆ ಮುಖ ತಿರುಗಿಸಿಕೊಂಡು ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ. ಅವಳು ತುಂಬ ಹೊತ್ತು ಅತ್ತಳು. ಏಳು ವರ್ಷದ ಮೇಲೆ ತಂಗಿಗೆ ಅವಳಾಡಿದ ಮೊದಲ ಮಾತು ಇದು:

"ತಿಂದ್ರಾ?"

"ಎರಡು ಬೋಗುಣಿ. ಮೂರನೇದು ನಡೀತಿದೆ."

"ಉಪ್ಪು ಜಾಸ್ತಿ ಸುರೀಲಿಲ್ಲ ತಾನೇ? ಅವರಿಗೆ ಬಿಪಿ ಇದೆ."

"ನಿನ್ನ ಗಂಡನ್ನ ಸಾಯಿಸೋಕೆ ನಂಗೇನು ಬೇರೆ ಕೆಲಸ ಇಲ್ವಾ?" ಅಂದಳು ಷೌಕತ್. "ನೀನೂ ಬಾ ಅಕ್ಕ."

"ಈ ಹಿಮದಲ್ಲಿ... ನಿಂಗ್ಯಾಕೆ ತೊಂದರೆ."

"ತೊಂದರೆ ಏನು ಬಂತು, ಬಾ."

"ಒಲೆ ಮೇಲೆ ಪಾತ್ರೆ ಇದೆ ಕಣೇ."

ಫೋನಿನಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಾಳಾದ ಅಭ್ಯಾಸ! ಅವಳ ಕಿವಿಯಿಂದ ಫೋನನ್ನು ಕಿತ್ತುಕೊಂಡು 'ಅವಳು ಬರ್ತಾಳೆ ತಾಯಿ' ಅಂತ ಕಿರುಚಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹಿಮದಲ್ಲಿ ನೆನೆದ ನಾಲ್ಕು ಜನ ಗಿರಾಕಿಗಳು ಒಳಗೆ ಬಂದರು. "ಆಶ್ ಇದೆಯಾ?" ಅಂದರು ಜೋರಾಗಿ.

"ಇಲ್ಲ! ಹೊರಗೆ ಹೋಗಿ!" ಎಂದು ಗುಲ್‌ನಿಸಾ ಅರಚಿದಳು. ಅವಳು ಗಿರಾಕಿಗಳನ್ನು ಓಡಿಸಿದ್ದನ್ನು ನಾನು ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ಅವರು ಬೆಚ್ಚಿ ಬಾಗಿಲು ಹಾಕಿಕೊಂಡು ಹೋದರು. ಅವಳು ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. "ಷೌಕತ್? ಇದೀಯೇನೇ? ಏನೋ ಹೇಳ್ತಿದ್ದೆ..."

"ಬಾರೇ ಅಕ್ಕ," ಅಂದಳು ಆಚೆಯಿಂದ. ಅವಳೂ ಅಳುತ್ತಿದ್ದಳು. "ಮೂರನೇ ಸಲ ಕರೀತಿದೀನಿ. ಇನ್ನೆಷ್ಟು ಸಲ ಕರೀಬೇಕು?"

"ಬಂದೆ," ಅಂದಳು ಗುಲ್‌ನಿಸಾ.

ಸ್ಟೂಲು ಹತ್ತಿ ನೀಲಿ ಬೋಗುಣಿ ಇಳಿಸಿದಳು. ಧೂಳು ತೊಳೆದು, ಗಂಡನಿಗೆಂದು ಉಳಿಸಿದ ಕೊನೆಯ ಆಶನ್ನು ಅದಕ್ಕೆ ಬಗ್ಗಿಸಿದಳು. ಆ ಅವಸರದಲ್ಲೂ ಕಶ್ಕ್ ಹಾಕುವುದನ್ನು ಮರೆಯಲಿಲ್ಲ, ಪುದೀನ ಮರೆಯಲಿಲ್ಲ. ಮೇಲೆ ತಟ್ಟೆ ಮುಚ್ಚಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ನಾನು ಹಿಮದಲ್ಲಿ ಜಾರದಂತೆ ಕಾರಿನ ಗಾಲಿಗೆ ಸರಪಳಿ ಬಿಗಿದೆ. ಗುಡ್ಡ ಸುತ್ತಿ ಹೋಗುವ ಹದಿಮೂರು ಕಿಲೋಮೀಟರನ್ನು ಆಮೆಯಂತೆ ದಾಟಿದೆವು. ದಾರಿಯುದ್ದಕ್ಕೂ ಬೋಗುಣಿ ಅವಳ ಮಡಿಲಲ್ಲಿತ್ತು.

ಯದೊಲ್ಲಾ ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಕೈಯಲ್ಲಿ ಬೋಗುಣಿ. ಹೆಂಡತಿಯನ್ನು ಕಂಡದ್ದೇ ಅದನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ.

"ಅಲ್ಲೇ ಹೋಗಿ ತಿನ್ನಿ ಅಂತ ನೀನೇ ತಾನೇ ಹೇಳಿದ್ದು?" ಅಂದ.

"ಬರಬೇಡಿ ಅಂತಾನೂ ಹೇಳಿದ್ದೆ. ಅದನ್ನೂ ಕೇಳಿದ್ರೆ ನೋಡ್ಕೊಳ್ಳಿ!" ಅಂದಳು ಅವಳು. ಆಮೇಲೆ ಎಲ್ಲರೆದುರಿಗೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು.

ಷೌಕತ್ ಗಂಟು ಬಿಚ್ಚಿ ಬೋಗುಣಿಯ ನೀಲಿ ಅಂಚನ್ನು ಬೆರಳಿಂದ ಸವರಿದಳು. ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟಳು. "ಉಪ್ಪು ಕಮ್ಮಿ," ಅಂದಳು ಮೂಗು ಒರೆಸಿಕೊಳ್ಳುತ್ತ, ಉಳಿದದ್ದನ್ನು ಯಾರಿಗೂ ಕೊಡದೆ ಖಾಲಿ ಮಾಡಿದಳು. ಅವಳ ಆಶನ್ನು ನಾನೂ ಆ ಸಂಜೆ ಮೊದಲ ಬಾರಿ ತಿಂದೆ. ಅದು ಹೇಗಿತ್ತೆಂದು ಗುಲ್‌ನಿಸಾಳ ಕಿವಿಗೆ ಬೀಳುವ ಕಡೆ ನಾನು ಹೇಳುವುದಿಲ್ಲ.

ನಾವು ಹೊರಡುವಾಗ ಷೌಕತ್ ನೀಲಿ ಬೋಗುಣಿಯನ್ನು ಮತ್ತೆ ತುಂಬಿ ಅಕ್ಕನ ಕೈಗಿಟ್ಟಳು. ಖಾಲಿ ಕಳಿಸುವ ಹಾಗಿಲ್ಲವಲ್ಲ. ಅಂದಿನಿಂದ ಅದು ವಾರಕ್ಕೊಮ್ಮೆ ಗುಡ್ಡ ಸುತ್ತುತ್ತಿದೆ. ಸ್ಕೀ ಮುಗಿಸಿ ಎಲ್ಲಿ ತಿನ್ನೋದು ಅಂತ ಈಗ ಯಾರಾದರೂ ಕೇಳಿದರೆ, ಮೊದಲು ಗುಲ್‌ನಿಸಾಳ ಗೂಡಿನ ಕಡೆ ನೋಡುತ್ತೇನೆ. ಬೋಗುಣಿ ಇಲ್ಲದಿದ್ದರೆ, ಅವಳೂ ಅಲ್ಲಿಗೇ ಹೋಗಿದ್ದಾಳೆಂದು ತಿಳಿದು, ಗರ್ಮಾಬ್‌ಗೆ ಹೋಗಿ ಅನ್ನುತ್ತೇನೆ.