ಹಡಗಿನ ಬಾಗಿಲಲ್ಲಿ ನಿಂತದ್ದು

ಇವತ್ತು ಲೋಕಲ್ ರೈಲಿನಲ್ಲಿ ಪಕ್ಕದವನ ಒದ್ದೆ ಬ್ಯಾಗಿನ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ, ಚಿಕ್ಕಂದಿನಲ್ಲಿ ಹತ್ತಿದ್ದ ಆ ಮುದಿ ಕ್ರೂಸ್ ಹಡಗು ನೆನಪಾಗಿ ಸಿಟ್ಟು ನೆತ್ತಿಗೇರಿತು.

ಅದರ ಕಾರ್ಪೆಟ್ಟಿಗೂ ಇದೇ ವಾಸನೆ. ಎಸಿ ಬರೀ ಗೊರಗುಡುತ್ತಿತ್ತು, ನಲ್ಲಿಯಲ್ಲಿ ತುಕ್ಕಿನ ನೀರು. ಆದರೂ ಗೋವಾ ಹತ್ತಿರ ಡಾಲ್ಫಿನ್ ಕಾಣುತ್ತವೆ ಅಂತ ಮನೆಯಿದ್ದ ಡೊಂಬಿವಲಿಯಿಂದಲೇ ಕುಣಿಯುತ್ತ ಹೋಗಿದ್ದೆ.

ದೂರದಲ್ಲಿ ಗೋವಾದ ದಂಡೆ ಮಸುಕಾಗಿ ಕಂಡದ್ದೇ ತಡ, ಅಪ್ಪ ಬ್ಯಾಗು ಎದೆಗೆ ಅವುಚಿಕೊಂಡು ಎದ್ದ.

"ಏಳ್ರಿ, ಬಾಗಲಕ್ಕ ಹೋಗಿ ನಿಂದ್ರೋಣು. ಆಮ್ಯಾಲ ಮಂದಿ ಇಳ್ಯಾಕ ಬಿಡಂಗಿಲ್ಲ."

"ಇದು ಹಡಗ ಐತ್ರೀ, ಲೋಕಲ್ ಅಲ್ಲ," ಅಂದಳು ಅವ್ವ. ಅಪ್ಪ ಕೇಳಬೇಕಲ್ಲ!

ಕೆಳಗಿನ ಅಂತಸ್ತಿನಲ್ಲಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತೆವು. ಅಷ್ಟರಲ್ಲಿ ಎಂಜಿನ್ ಕೆಟ್ಟು ಹಡಗು ನಡುನೀರಲ್ಲೇ ನಿಂತುಬಿಟ್ಟಿತು. ಅಪ್ಪ ಜಾಗ ಬಿಡಲಿಲ್ಲ, ನಮ್ಮನ್ನೂ ಬಿಡಲಿಲ್ಲ. ಮೇಲಿನ ಡೆಕ್ಕಿನಿಂದ "ಡಾಲ್ಫಿನ್! ಡಾಲ್ಫಿನ್!" ಅನ್ನುವ ಕೂಗು, ಚಪ್ಪಾಳೆ. ನನ್ನ ಕಣ್ಣೆದುರು ಮಾತ್ರ ಬಣ್ಣ ಕಿತ್ತ ಕಬ್ಬಿಣ. ಅಪ್ಪನ ಮೇಲಿನ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಲೋಕಲ್‌ನ ನೂಕುನುಗ್ಗಲಲ್ಲಿ ಯಾರೋ ನನ್ನ ಅಂಗಿ ಜಗ್ಗಿದರು. ಮಗಳು. ಕಿಟಕಿಯಲ್ಲಿ ಕೂತು ಖಾಡಿಯ ಹಿನ್ನೀರು ನೋಡುತ್ತಿದ್ದವಳನ್ನು ಮುಂಬ್ರಾ ಸ್ಟೇಷನ್ನಿನಲ್ಲೇ ಎಬ್ಬಿಸಿ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

"ಪಪ್ಪಾ, ಡೊಂಬಿವಲಿ ತೋ ಅಭೀ ದೂರ್ ಹೈ ನಾ?" ನಾವಿಳಿಯುವ ಸ್ಟೇಷನ್ ಇನ್ನೂ ದೂರ ಇದೆಯಲ್ಲ ಅಂತ ಅವಳ ತಕರಾರು.

ನಾನು ಬ್ಯಾಗು ಎದೆಗೆ ಅವುಚಿಕೊಂಡೇ ನಿಂತಿದ್ದೆ.