ಊದದ ಬ್ಯಾಂಡು

ಕೂಡ್ಲಿಗಿಯ ಬ್ಯಾಂಡ್ ಮಾಸ್ತರ ಪಾಲಣ್ಣನಿಗೆ ಧಾಟಿ ಕಟ್ಟುವ ಹುಚ್ಚು. ಮದುಮಗಳನ್ನು ಮಂಟಪಕ್ಕೆ ಕರೆತರುವಾಗ ನುಡಿಸಲೆಂದು ಅವನೇ ಒಂದು ಧಾಟಿ ಕಟ್ಟಿದ್ದ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದರ ಹಿಂದೆಯೇ ನಡೆದು ಹಸೆಮಣೆ ಏರಿದವರು. ಅವನ ಬಲಗೈ ಮೇಲೆದ್ದರೆ ಸಾಕು, ತಂಡವೆಲ್ಲ ಒಟ್ಟಿಗೆ ಊದುತ್ತಿತ್ತು.

ಆಮೇಲೆ ಆ ಹಾಳು ಡಿಜೆ ಬಂತು. ತಂಡದವರು ಒಬ್ಬೊಬ್ಬರಾಗಿ ಗಾರೆ ಕೆಲಸಕ್ಕೆ, ಹಮಾಲಿಗೆ ಹೋದರು. ಬಹಳ ದಿನಗಳ ಮೇಲೆ ಹಗರಿಬೊಮ್ಮನಹಳ್ಳಿಯ ಮದುವೆಗೆ ಕರೆ ಬಂದಾಗ ಪಾಲಣ್ಣ ಮನೆಮನೆಗೆ ಹೋಗಿ ಎಲ್ಲರನ್ನೂ ಕೂಡಿಸಿದ, ಕೆಂಪು ಕೋಟುಗಳಿಗೆ ತಾನೇ ಇಸ್ತ್ರಿ ಹಾಕಿದ.

ಮಂಟಪದ ಬಾಗಿಲಲ್ಲಿ ವಿಡಿಯೊದವನು ತಡೆದ. "ಮಾಸ್ತರ, ಊದಬ್ಯಾಡ್ರಿ. ಸೌಂಡು ಡಿಜೆದು ಬರ್ತೈತಿ. ನೀವು ಸುಮ್ನ ಬಾಯಿಗೆ ಹಿಡ್ಕಂಡು ನಿಂದರ್ರಿ, ವಿಡಿಯೊದಾಗ ಚಂದ ಕಾಣತೈತಿ."

ಪಾಲಣ್ಣ ಮದುಮಗಳ ತಂದೆಯ ಮುಖ ನೋಡಿದ. "ಹಂಗ ಮಾಡ್ರಿ" ಎಂದು ಆತ ಒಳಗೆ ನಡೆದ.

ಡಿಜೆ ಗುದ್ದತೊಡಗಿತು. ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು ನಿಂತರು. ಪಾಲಣ್ಣನ ಕೈ ಯಾರದೋ ತಾಳಕ್ಕೆ ಆಡುತ್ತಿತ್ತು. ಮದುಮಗಳು ಹೊಸ್ತಿಲಿಗೆ ಬಂದಳು. ಅವಳನ್ನು ಕಂಡದ್ದೇ ಮುದುಕ ಹುಲುಗಪ್ಪನ ಕ್ಲಾರಿನೆಟ್ಟು ತನಗೆ ತಾನೇ ಪಾಲಣ್ಣನ ಧಾಟಿ ಹಿಡಿಯಿತು. ವಿಡಿಯೊದವನು ಕ್ಯಾಮೆರಾ ಇಳಿಸಿ ಮಾಸ್ತರನ ಕಡೆ ಕಣ್ಣು ಬಿಟ್ಟ.

ಇದೂ ಕೈತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ. ಪಾಲಣ್ಣ ಬಲಗೈ ಎತ್ತಿ, ಸಾಕು ಎಂಬಂತೆ ಅಂಗೈ ತೋರಿಸಿದ.

ಹುಲುಗಪ್ಪ ನಡುವೆಯೇ ನಿಲ್ಲಿಸಿದ. ಆ ಕೈಯ ಮಾತನ್ನು ಅವನು ಎಂದೂ ಮೀರಿದವನಲ್ಲ.