ಬಂಡೆಯ ಪಕ್ಕ ಉಳಿಸಿದ ಹುಲ್ಲು

ನಾನು ಚಿಕ್ಕವಳಿದ್ದಾಗ ಮಾತಿನಲ್ಲಿ ಯಾರಿಗೂ ಸೋತವಳಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ ಮಕ್ಕಳೇ, ಇದು ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಅಪ್ಪ ಬೆಲ್ಲದ ಡಬ್ಬಿ ಮುಚ್ಚು ಎಂದರೆ, ಮುಚ್ಚಿದ ಡಬ್ಬಿಗೂ ಇರುವೆ ಬಂದಿತ್ತಲ್ಲ ಎನ್ನುತ್ತಿದ್ದೆ. ಅಕ್ಕ ಜಡೆ ಹಾಕಲು ಕೂರಿಸಿದರೆ, ಸಂಜೆ ಬಿಚ್ಚುವುದನ್ನು ಬೆಳಿಗ್ಗೆ ಯಾಕೆ ಹೆಣೆಯಬೇಕು ಎಂದು ಕೇಳುತ್ತಿದ್ದೆ. ಅಕ್ಕ ಉತ್ತರ ಕೊಡುತ್ತಿರಲಿಲ್ಲ, ಜಡೆಯನ್ನು ಇನ್ನಷ್ಟು ಬಿಗಿಯಾಗಿ ಎಳೆಯುತ್ತಿದ್ದಳು. ಉತ್ತರ ಬರದಿದ್ದರೆ ನಾನು ಗೆದ್ದೆ ಎಂದು ಲೆಕ್ಕ. ಹೀಗೆ ಗೆದ್ದ ಒಂದು ವಾದ ಒಂದು ಕಾಡನ್ನೇ ಸುಡುವುದರಲ್ಲಿತ್ತು.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಮಗ್ಗುಲಿಗೆ ನಮ್ಮ ಪುಟ್ಟ ಕಾಫಿ ತೋಟ. ತೋಟದ ಮೇಲೆ ಕಾನು, ಅಂದರೆ ಬಿಸಿಲು ನೆಲ ಮುಟ್ಟದಷ್ಟು ದಟ್ಟವಾದ ಕಾಡು. ಕಾನಿನ ಮೇಲೆ ಗುಡ್ಡದ ನೆತ್ತಿಯವರೆಗೂ ಬರೀ ಹುಲ್ಲು. ತೋಟ ನಮ್ಮದು, ಕಾನು ಮತ್ತು ಹುಲ್ಲುಗುಡ್ಡ ಸರ್ಕಾರದ್ದು. ಸರ್ಕಾರ ಎಂದರೆ ಆಗ ಮೈಸೂರು ಮಹಾರಾಜರ ಸರ್ಕಾರ, ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಕಾನಿನ ಒಳಗೆ ಒಂದು ಒರತೆ ಇತ್ತು. ಅದರ ನೀರು ಬಗನಿ ಮರ ಸೀಳಿ ಮಾಡಿದ ದಬ್ಬೆಗಳಲ್ಲಿ ಹರಿದು ನಮ್ಮ ಮನೆಗೆ, ಕಾಫಿ ಸಸಿಗಳ ಮಡಿಗೆ, ಕೆಳಗೆ ತೋಟದ ಕೆಲಸದವರು ಇರುವ ಲೈನು ಮನೆಗಳಿಗೆ ಬರುತ್ತಿತ್ತು. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ನೀರು. ಆ ಸುತ್ತಿನಲ್ಲಿ ಬೇರೆ ನೀರು ಇರಲಿಲ್ಲ.

ಪ್ರತಿ ವರ್ಷ ಪುಷ್ಯ ಮಾಸದಲ್ಲಿ ಅರಣ್ಯ ಇಲಾಖೆಯ ಗಾರ್ಡು ಬರುತ್ತಿದ್ದರು. ಬಯಲುಸೀಮೆಯವರು, ತೆಳ್ಳಗೆ, ಉದ್ದಕ್ಕೆ. ಖಾಕಿ ಅಂಗಿಯ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ. ಇಬ್ಬರು ಕಾವಲಿನವರನ್ನು ಕಟ್ಟಿಕೊಂಡು ಹುಲ್ಲಿಗೂ ಕಾನಿಗೂ ನಡುವಿನ ಅಂಚಿನಲ್ಲಿ, ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲಕ್ಕೆ, ಬೆಳಗಿನ ಇಬ್ಬನಿ ಆರುವುದರೊಳಗೆ ಹುಲ್ಲನ್ನು ಸುಡುತ್ತಾ ಹೋಗುತ್ತಿದ್ದರು. ಇಬ್ಬನಿ ಆರಿದ ಮೇಲೆ ಹಚ್ಚಿದರೆ ಬೆಂಕಿ ಕೈಗೆ ಸಿಗುವುದಿಲ್ಲ. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಮುಂದೆ ಬಿರುಬಿಸಿಲಿನಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ, ಇಲ್ಲಿಗೆ ಬಂದಾಗ ಅದಕ್ಕೆ ತಿನ್ನಲು ಏನೂ ಸಿಗಬಾರದು. ಕಾಡು ಕಾಯುವವರೇ ಬೆಂಕಿಪೊಟ್ಟಣ ಇಟ್ಟುಕೊಂಡು ಓಡಾಡುವುದು ನನಗೆ ಬಹಳ ತಮಾಷೆಯಾಗಿ ಕಾಣುತ್ತಿತ್ತು.

ನನಗೆ ಹತ್ತು ವರ್ಷವಾದ ಆ ಪುಷ್ಯದಲ್ಲಿ ನಮ್ಮ ಕೊಟ್ಟಿಗೆಯ ಮಾಡು ತೂತು ಬಿದ್ದಿತ್ತು. ಹೊಸದಾಗಿ ಹೊದಿಸಲು ಕರಡ ಬೇಕಿತ್ತು. ಕರಡ ಎಂದರೆ ಗುಡ್ಡದಲ್ಲಿ ಆಳೆತ್ತರ ಬೆಳೆದು ಒಣಗುವ ಹುಲ್ಲು. ಅದನ್ನು ಕೊಯ್ದುಕೊಳ್ಳಲು ಸರ್ಕಾರದ ಒಪ್ಪಿಗೆ ಇತ್ತು. ಒಳ್ಳೆಯ ಕರಡವೆಲ್ಲ ಅಂಚಿನಲ್ಲಿದ್ದ ಒಂದು ದೊಡ್ಡ ಬಂಡೆಯ ಸುತ್ತ ಬೆಳೆದಿತ್ತು, ಬೆಂಕಿ ರೇಖೆ ಹಾಯುವ ಜಾಗದಲ್ಲೇ. ಅಪ್ಪನೂ ಅಕ್ಕನೂ ಕಾಫಿ ಕುಯ್ಲಿನಲ್ಲಿ ಮುಳುಗಿದ್ದರು. ನಾನೊಬ್ಬಳೇ ಗುಡ್ಡ ಹತ್ತಿ, ಹೊಗೆಯಲ್ಲಿ ಕೆಮ್ಮುತ್ತಿದ್ದ ಗಾರ್ಡಿನ ಎದುರು ನಿಂತೆ.

“ಗಾರ್ಡ್ರೆ, ಬಂಡೆ ಸುಡ್ತದಾ?”

“ಬಂಡೆ ಎಲ್ಲಾದ್ರೂ ಸುಡ್ತೈತೇನವ್ವ,” ಎಂದರು ಅವರು.

“ಮತ್ತೆ ಬೆಂಕಿ ಬಂದ್ರೆ ಬಂಡೆನೇ ತಡೀತದಲ್ಲ. ಅದರ ಪಕ್ಕದ ಹುಲ್ಲು ಎಂತಕ್ಕೆ ಸುಡೋದು? ನಮ್ಮ ಕೊಟ್ಟಿಗೆಗೆ ಬೇಕು.”

ಗಾರ್ಡು ಟೋಪಿ ತೆಗೆದು ತಲೆ ಕೆರೆದುಕೊಂಡರು. ಬಂಡೆ ನೋಡಿದರು, ಆರುತ್ತಿದ್ದ ಇಬ್ಬನಿ ನೋಡಿದರು, ಕೊನೆಗೆ ನನ್ನನ್ನು ನೋಡಿ ನಕ್ಕರು. ಶಿವರಾತ್ರಿಯೊಳಗೆ ಪೂರ್ತಿ ಕೊಯ್ದುಕೊಂಡು ಹೋಗಬೇಕು, ಒಂದು ಕಡ್ಡಿಯೂ ಉಳಿಯಬಾರದು ಎಂದು ಮಾತು ತೆಗೆದುಕೊಂಡರು. ನಾನು ಕೊಟ್ಟೆ. ಮನೆಗೆ ಬಂದು ಹೇಳಿದಾಗ ಅಪ್ಪ ನನ್ನನ್ನು ವಕೀಲಮ್ಮ ಎಂದು ಕರೆದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಆ ವರ್ಷ ಕುಯ್ಲು ಮುಗಿಯಲೇ ಇಲ್ಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುತ್ತಲೇ ಶಿವರಾತ್ರಿ ಬಂತು, ಹೋಯಿತು. ದನ ಅಟ್ಟಿಕೊಂಡು ಹೋದಾಗಲೆಲ್ಲ ಬಂಡೆಯ ಪಕ್ಕದ ಕರಡ ಕಣ್ಣಿಗೆ ಬೀಳುತ್ತಿತ್ತು, ಜೇನಿನ ಬಣ್ಣಕ್ಕೆ ತಿರುಗಿ ಗಾಳಿಗೆ ಸರಸರ ಎನ್ನುತ್ತಿತ್ತು. ಕೊಟ್ಟ ಮಾತು ನೆನಪಿರಲಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಹೇಗೂ ಬಂಡೆ ಇದೆಯಲ್ಲ ಎಂದುಕೊಂಡೆ.

ಶಿವರಾತ್ರಿ ಕಳೆದು ಹತ್ತು ದಿನ ಆಗಿರಬೇಕು. ಬೆಳಿಗ್ಗೆ ಗಂಜಿಯೂಟ ಮುಗಿದು, ಕಣದಲ್ಲಿ ಹರಡಿದ್ದ ಕಾಫಿಯನ್ನು ಕಾಲಿನಿಂದ ತಿರುವುತ್ತಿದ್ದೆ. ಹಣ್ಣಿನ ಸಿಹಿ ಹುಳಿ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಆಮೇಲೆ ಕಪ್ಪು ಎಳೆಗಳು ಕಾಫಿಯ ಮೇಲೆ ಉದುರತೊಡಗಿದವು, ಮುಟ್ಟಿದರೆ ಪುಡಿಯಾಗುತ್ತಿದ್ದವು. ತಲೆ ಎತ್ತಿದರೆ ಗುಡ್ಡದ ನೆತ್ತಿ ಕಾಣುತ್ತಿರಲಿಲ್ಲ. ಹೊಸ ಹುಲ್ಲು ಚಿಗುರಲಿ ಎಂದು ದನದವರು ಯಾರೋ ನೆತ್ತಿಯಲ್ಲಿ ಕಡ್ಡಿ ಗೀರಿದ್ದರು. ಯಾರು ಎಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಗಾರ್ಡು ಓಡಿ ಬಂದರು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ರೇಖೆ ಉದ್ದಕ್ಕೂ ಬೆಂಕಿ ನಿಂತಿದೆ, ಬಂಡೆಯ ಹತ್ತಿರ ಮಾತ್ರ ಕಾನಿನೊಳಗೆ ನುಗ್ಗಿದೆ, ಜನ ಬೇಕು ಎಂದು ಅಪ್ಪನಿಗೆ ಏದುಸಿರಿನಲ್ಲಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ಕತ್ತಿ ಹಿಡಿದು ಅವರ ಹಿಂದೆ ಓಡಿದರು. ಲೈನಿನಿಂದ ಜನ ಕರೆತರಲು ನನ್ನನ್ನು ಕಳಿಸಿದರು. ಅಲ್ಲಿ ಜಗಲಿಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಅಜ್ಜ ಕೂತಲ್ಲಿಂದ ಏಳಲಿಲ್ಲ.

“ಕಾಡು ಸರ್ಕಾರದ್ದು. ನಾವೊಂದು ಗಳ ಕಡಿದ್ರೆ ಹಿಡ್ಕೊಂಡು ಹೋಗ್ತಾರೆ. ಬೆಂಕಿ ಬಿದ್ರೆ ಮಾತ್ರ ನಮ್ದಾ ಮಾರಾಯ್ತಿ?”

ನೋಡಿ, ಇದು ಒಳ್ಳೆಯ ಪ್ರಶ್ನೆ. ಬೇರೆ ದಿನವಾಗಿದ್ದರೆ ಅಜ್ಜನ ಪಕ್ಕ ಕೂತು ನಾನೂ ಇದನ್ನೇ ಕೇಳುತ್ತಿದ್ದೆ. ಈಗಲೂ ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವತ್ತು ವಾದಕ್ಕೆ ಹೊತ್ತಿರಲಿಲ್ಲ. ಬೆಂಕಿಗೂ ಒರತೆಗೂ ಇನ್ನು ಸ್ವಲ್ಪವೇ ದೂರ ಅಜ್ಜ ಎಂದಷ್ಟೇ ಹೇಳಿದೆ. ಅಜ್ಜ ಅಂಗಳದ ದಬ್ಬೆಯಿಂದ ಬೀಳುತ್ತಿದ್ದ ನೀರನ್ನು ಒಂದು ಗಳಿಗೆ ನೋಡಿದರು. ಬುಟ್ಟಿ ಬದಿಗಿಟ್ಟು ಎದ್ದರು. ಅವರು ಎದ್ದ ಮೇಲೆ ಲೈನೆಲ್ಲ ಎದ್ದಿತು.

ಹುಲ್ಲಿನ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಬಹುದು. ಕಾನಿನ ಬೆಂಕಿ ಹಾಗಲ್ಲ. ಅಲ್ಲಿ ನೆಲದ ಮೇಲೆ ಮೊಣಕಾಲುದ್ದ ದರಗು ಇರುತ್ತದೆ, ಮರದಿಂದ ಉದುರಿದ ಒಣ ಎಲೆ. ಬೆಂಕಿ ಅದರ ಅಡಿಯಲ್ಲಿ ಹೊಗೆಯಾಡುತ್ತಾ ತೆವಳುತ್ತದೆ. ಇಲ್ಲಿ ಬಡಿದರೆ ಅಲ್ಲಿ ಏಳುತ್ತಿತ್ತು. ಬಡಿದು ಬಡಿದು ಗಂಡಸರ ಕಣ್ಣು ಕೆಂಡವಾಗಿತ್ತು. ಗಾರ್ಡಿನ ದನಿ ಬಿದ್ದುಹೋಗಿತ್ತು. ಒಂದು ಹಾವು ನಮ್ಮ ಕಾಲುಗಳ ನಡುವೆಯೇ ಹರಿದು ಕೆಳಗಿಳಿಯಿತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಅಕ್ಕ ಬಂದಳು. ಹಿಂದೆ ಲೈನಿನ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಉದ್ದ ಕಡ್ಡಿಯ ಪೊರಕೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ದರಗು ಗುಡಿಸುವ ಪೊರಕೆಗಳು ಅವು. ಚಳಿಗಾಲ ಪೂರ್ತಿ ಕುಯ್ಲಿನ ಜೊತೆಗೆ ಇವರಿಗೆ ಇದೂ ಕೆಲಸ.

“ಬಡಿಯೋದು ನೀವು ಬಡೀರಿ,” ಎಂದಳು ಅಕ್ಕ. “ಗುಡಿಸೋದು ನಮಗೆ ಬಿಡಿ.”

“ಪೊರಕೆ ತಗಂಡು ಕಾಡ್ಗಿಚ್ಚು ಆರಿಸ್ತೀರೇನ್ರವ್ವ?” ಗಾರ್ಡಿಗೆ ನಗುವಷ್ಟು ಉಸಿರೂ ಇರಲಿಲ್ಲ.

“ದನಕ್ಕೆ ದಿನಾ ಗುಡಿಸ್ತೀವಿ,” ಎಂದಳು ಹೆಂಗಸರಲ್ಲೊಬ್ಬಳು. “ನಿಮ್ಮ ಸರ್ಕಾರಕ್ಕೆ ಒಂದಿನ ಗುಡಿಸಿದ್ರೆ ಸವೆದು ಹೋಗ್ತೀವಾ?”

ಬೆಂಕಿಗಿಂತ ಐವತ್ತು ಹೆಜ್ಜೆ ಕೆಳಗೆ, ಒರತೆಗಿಂತ ಮೇಲೆ, ಅವರು ಸಾಲಾಗಿ ನಿಂತರು. ಒಂದು ತುದಿಗೆ ಕಲ್ಲಿನ ಹಳ್ಳ, ಇನ್ನೊಂದು ತುದಿಗೆ ದನದ ದಾರಿ. ಸೊಂಟ ಬಗ್ಗಿಸಿದವರು ಮತ್ತೆ ಎತ್ತಲಿಲ್ಲ. ನನಗೂ ಒಂದು ಪೊರಕೆ ಸಿಕ್ಕಿತು. ನಾನು ಎಲೆಯನ್ನೆಲ್ಲ ಬೆಂಕಿಯ ಕಡೆಗೇ ತಳ್ಳುತ್ತಿದ್ದೆ. ಅಕ್ಕ ಭುಜ ಹಿಡಿದು ನನ್ನನ್ನು ತಿರುಗಿಸಿದಳು. ಬೆಂಕಿಗೆ ಊಟ ಬಡಿಸಬೇಡ, ಕೆಳಗೆ ತಳ್ಳು ಎಂದಳು. ನಾನು ಕೆಳಗೆ ತಳ್ಳತೊಡಗಿದೆ. ಗುಡಿಸುತ್ತಾ ಗುಡಿಸುತ್ತಾ ಒದ್ದೆ ಕೆಮ್ಮಣ್ಣು ಮೇಲೆ ಬಂತು, ಮೊದಲ ಮಳೆಯ ವಾಸನೆಯೇ. ಕಾನಿನ ನಡುವೆ ಹೊಸದಾಗಿ ಬಾಚಿದ ಬೈತಲೆಯ ಹಾಗೆ ಒಂದು ದಾರಿ ಮೂಡಿತು.

ಬೆಂಕಿ ಬಂತು. ಸಿನಿಮಾದಲ್ಲಿ ನೀವು ನೋಡುವ ಹಾಗೆ ಆಕಾಶಕ್ಕೆ ಹಾರಿ ಬರಲಿಲ್ಲ. ಪಾದದೆತ್ತರಕ್ಕೆ, ಚಿಟಿಚಿಟಿ ಎನ್ನುತ್ತಾ ಬಂತು. ಕೆಮ್ಮಣ್ಣಿನ ಅಂಚಿಗೆ ಬಂದು ಅತ್ತಿತ್ತ ಹುಡುಕಿತು, ಕೊನೆಯ ಎಲೆಯನ್ನು ತಿಂದಿತು, ಬಾಡಿತು. ನನ್ನ ಜಡೆಯ ತುದಿ ಕರಟಿಹೋಗಿತ್ತು. ನಾವೆಲ್ಲ ಗುಡಿಸಿದ ದಾರಿಯಲ್ಲೇ ಕುಸಿದು ಕೂತೆವು. ಒರತೆಯ ನೀರನ್ನು ಕೊಡದಲ್ಲಿ ತಂದು ಅಕ್ಕ ಒಬ್ಬೊಬ್ಬರ ಬೊಗಸೆಗೂ ಸುರಿದಳು. ಆ ನೀರಿನ ರುಚಿ ಬೇರೆ ಯಾವ ನೀರಿಗೂ ಬಂದದ್ದಿಲ್ಲ.

ಇಳಿಹೊತ್ತಿಗೆ ಮೂಡಿಗೆರೆಯಿಂದ ರೇಂಜರು ಕುದುರೆಯ ಮೇಲೆ ಬಂದರು, ಗಾರ್ಡಿನ ಮೇಲಿನ ಅಧಿಕಾರಿ. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ರೇಖೆ ಸುಟ್ಟಲ್ಲೆಲ್ಲ ಹಸಿರು ಮೊಳಕೆ ಇತ್ತು. ಬಂಡೆಯ ಪಕ್ಕ ಮಾತ್ರ ಈಗಷ್ಟೇ ಸುಟ್ಟ ಕರಡದ ಬುಡಗಳು ಕರ್ರಗೆ ನಿಂತಿದ್ದವು. ಇಲ್ಲಿ ಯಾಕೆ ಸುಟ್ಟಿರಲಿಲ್ಲ ಎಂದು ಕೇಳಿದರು.

ಗಾರ್ಡು ಟೋಪಿ ತೆಗೆದು ಕಂಕುಳಲ್ಲಿಟ್ಟರು. “ನಂದೇ ತಪ್ಪು ಸ್ವಾಮಿ. ಇಬ್ಬನಿ ಆರೋಗಿತ್ತು, ಬಿಟ್ಟುಬಿಟ್ಟೆ.”

ಇಬ್ಬನಿ ಆರಿದ್ದು ನಿಜವೇ. ಅಷ್ಟು ನಿಜವನ್ನು ಮುಂದೆ ಹಿಡಿದು ಅವರು ನನ್ನನ್ನು ಹಿಂದೆ ಬಚ್ಚಿಟ್ಟಿದ್ದರು. ಅವರ ಕೆಲಸ ಅವತ್ತೇ ಹೋಗಬಹುದಿತ್ತು. ಬಯಲುಸೀಮೆಯಲ್ಲಿ ನನ್ನ ವಯಸ್ಸಿನ ಮಗಳು ಅವರಿಗೂ ಇದ್ದಳು, ಅವಳ ಮಾತು ಆಗಾಗ ಹೇಳುತ್ತಿದ್ದರು. ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ನನ್ನ ಕಾಲು ಮುಂದೆ ಹೋಯಿತು. ಹುಲ್ಲು ಸುಡದ ಹಾಗೆ ಬಿಡಿಸಿದ್ದು ನಾನು ಎಂದೆ.

ನೀನು ಏನು ಹೇಳಿ ಬಿಡಿಸಿದೆ ಎಂದು ರೇಂಜರು ಕೇಳಿದರು. ನನ್ನ ವಾದವನ್ನು ಮೊದಲಿನಿಂದ ಒಪ್ಪಿಸಿದೆ. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ನನ್ನ ಮಾತನ್ನು ಹಾಗೆ ಕೇಳಿದ ಮೊದಲ ದೊಡ್ಡವರು ಅವರೇ ಇರಬೇಕು. ಆಮೇಲೆ ನನ್ನನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ಕೈ ಇಡು ಎಂದರು. ಇಟ್ಟವಳು ತಕ್ಷಣ ತೆಗೆದೆ, ಬಾಣಲೆಯ ಬಿಸಿ. ಒಂದು ಕಡೆ ಕಾವಿಗೆ ಬಂಡೆಯ ಸಿಪ್ಪೆ ಎದ್ದು ಉದುರಿ, ಒಳಗಿನ ನಸುಗೆಂಪು ಕಾಣುತ್ತಿತ್ತು. ನಡುವೆ ಒಂದು ಬಿರುಕು. ಅದರೊಳಗೆ ಒಣ ಪಾಚಿಯ, ಹುಲ್ಲಿನ ಬೂದಿ, ದೀಪದ ಬತ್ತಿಯ ಹಾಗೆ ಈ ಕಡೆಯಿಂದ ಆ ಕಡೆಗೆ ಉದ್ದಕ್ಕೂ ಇತ್ತು.

“ಬಂಡೆ ಸುಡಲ್ಲ ಅಂದಿದ್ದು ಸರಿ,” ಎಂದರು ರೇಂಜರು. “ಬಿರುಕಿನೊಳಗೆ ನೋಡಿದ್ಯಾ?”

“ಇಲ್ಲ.”

ಅಷ್ಟೇ. ಬೈಯಲಿಲ್ಲ. ಅಪ್ಪ ಮುಂದೆ ಬಂದು, ಮಾತು ಕೊಟ್ಟು ಕೊಯ್ಯದೆ ಬಿಟ್ಟದ್ದು ನಮ್ಮ ಮನೆಯ ತಪ್ಪು, ಇನ್ನು ಮೇಲೆ ಗಾರ್ಡು ಬರುವ ಮೊದಲೇ ಬಂಡೆಯ ಸುತ್ತು ನಾವೇ ಕೊಯ್ದು ಬಿರುಕು ಕೆರೆದು ಇಡುತ್ತೇವೆ ಎಂದರು. ರೇಂಜರು ಪುಸ್ತಕದಲ್ಲಿ ಏನೋ ಬರೆದುಕೊಂಡು ಕುದುರೆ ಹತ್ತಿದರು. ಏನು ಬರೆದರೆಂದು ನಮಗೆ ಗೊತ್ತಾಗಲಿಲ್ಲ.

ಮಳೆಗಾಲದಲ್ಲಿ ಗುಡ್ಡದ ಕಡೆ ಯಾರೂ ಬರುತ್ತಿರಲಿಲ್ಲ. ಬೇರೆ ಯಾರನ್ನೋ ಗಾರ್ಡಾಗಿ ಹಾಕಿದ್ದಾರಂತೆ ಎಂದು ಒಬ್ಬರು, ಇಲ್ಲವಂತೆ ಎಂದು ಇನ್ನೊಬ್ಬರು. ಮುಂದಿನ ಪುಷ್ಯದಲ್ಲಿ ಅಪ್ಪ, ಅಕ್ಕ, ನಾನು ಇಬ್ಬನಿಯಲ್ಲೇ ಹತ್ತಿ ಬಂಡೆಯ ಸುತ್ತ ಕರಡ ಕೊಯ್ದೆವು. ಬಿರುಕನ್ನು ನಾನು ಕಡ್ಡಿಯಿಂದ ಕೆರೆದೆ, ಯಾರಿಗೂ ಬಿಡಲಿಲ್ಲ. ಮಂಜಿನೊಳಗಿಂದ ಕೆಮ್ಮು ಕೇಳಿತು. ಆಮೇಲೆ ಖಾಕಿ ಅಂಗಿ.

“ಏನವ್ವ ವಕೀಲಮ್ಮ, ಬಂಡೆ ಸುಡ್ತೈತಾ?”

ಮಾತಿನಲ್ಲಿ ಸೋಲದವಳು ಅಪ್ಪನ ಹಿಂದೆ ಮುಖ ಮುಚ್ಚಿಕೊಂಡು ಅತ್ತೆ.

ಈಗ ನಿಮ್ಮ ಕಾಲ. ಗುಡ್ಡದಲ್ಲಿ ಹೊಗೆ ಎದ್ದರೆ ಆಕಾಶದಿಂದಲೇ ಕಾಣುತ್ತದಂತೆ, ಅರಣ್ಯ ಇಲಾಖೆಯವರ ಫೋನಿಗೆ ಸುದ್ದಿ ಹೋಗುತ್ತದಂತೆ. ಬೆನ್ನಿಗೆ ಯಂತ್ರ ಕಟ್ಟಿಕೊಂಡು ಗಾಳಿ ಊದಿ ದರಗು ಸರಿಸುವವರನ್ನು ಮೊನ್ನೆ ನಾನೇ ನೋಡಿದೆ. ನಮ್ಮ ಲೈನಿನ ಹೆಂಗಸರ ಪೊರಕೆಗೆ ಎಂಜಿನ್ ಬಂದಿದೆ ಎಂದು ಖುಷಿಯಾಯಿತು. ಒರತೆ ಇನ್ನೂ ಇದೆ. ನೀವು ಕುಡಿಯುವ ನೀರು ಅದೇ, ದಬ್ಬೆಯ ಬದಲು ಪೈಪಿನಲ್ಲಿ ಬರುತ್ತದೆ.

ಮರಿಮಗಳು ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಕಾಡ್ಗಿಚ್ಚಿಗೆ ಸರ್ಕಾರವೇ ಹೊಣೆ ಎಂದು ಮಾತಾಡಬೇಕಂತೆ, ಪಾಯಿಂಟು ಕೊಡಜ್ಜಿ ಎಂದಳು. ಕೊಟ್ಟೆ. ರೇಖೆ ಸುಡುವುದು, ಕಾವಲು ಇಡುವುದು, ಹೊಗೆ ಕಂಡ ಕೂಡಲೇ ಓಡಿ ಬರುವುದು ಸರ್ಕಾರದ ಕೆಲಸ. ಮಾಡದಿದ್ದರೆ ಬಿಡದೆ ಕೇಳು ಎಂದೆ. ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದ ಒಬ್ಬ ಗಾರ್ಡು ಸರ್ಕಾರ ಎಂದರೆ ಏನೆಂದು ನನಗೆ ತೋರಿಸಿದ್ದರು, ಅವರ ಋಣದಲ್ಲಿ ನಿಂತು ಹೇಳುತ್ತಿದ್ದೇನೆ. ಸ್ಪರ್ಧೆಯಲ್ಲಿ ನೀನು ಗೆದ್ದೇ ಗೆಲ್ಲುತ್ತೀಯ ಮಗಳೇ.

ಆದರೆ ಸ್ಪರ್ಧೆ ಇರುವುದು ಸೋಮವಾರ. ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಬಂಡೆಯ ಸುತ್ತ ಹುಲ್ಲು ಕೊಯ್ಯಲು ಹೋಗುತ್ತಾರೆ, ಕತ್ತಿ ಮಸೆದಿಟ್ಟಿದೆ. ನನ್ನ ಮಂಡಿ ಅಲ್ಲಿಯವರೆಗೆ ಹತ್ತುವುದಿಲ್ಲ, ನೀನು ಹೋಗು. ಸಿಪ್ಪೆ ಎದ್ದ ಜಾಗ ಇನ್ನೂ ನಸುಗೆಂಪಾಗಿಯೇ ಇದೆ, ಗುರುತು ಸಿಗುತ್ತದೆ. ಅದರ ಪಕ್ಕದ ಬಿರುಕಿನಲ್ಲಿ ಕಡ್ಡಿ ಹಾಕಿ ಚೆನ್ನಾಗಿ ಕೆರೆದು, ಏನು ಸಿಕ್ಕಿತೆಂದು ಬಂದು ನನಗೆ ಹೇಳು.